ಶಿವಣ್ಣೋರು ಬೇಡ ಅಂದಾಗ

ಅಮೆರಿಕದ ಹೇವರ್ಡಿನಲ್ಲಿ ಭಾನುವಾರ ಮಕ್ಕಳಿಗೆ ಕನ್ನಡ ಕ್ಲಾಸು ನಡೆಸುತ್ತೇನೆ. ಮಂಡ್ಯ ಕಡೆಯ ಶಿವಣ್ಣೋರು ಮೊಮ್ಮಗಳನ್ನು ಬಸ್ಸಿನಲ್ಲಿ ಕರೆದುಕೊಂಡು ಬರುತ್ತಿದ್ದರು. ಕ್ಲಾಸು ಶುರುವಾಗೋವರೆಗೆ ಅವರು ಹೇಳುವ ಕಥೆಗೆ ಮಕ್ಕಳು ಫೋನೂ ಮರೆತು ಕೂರುತ್ತಿದ್ದವು.

"ನೀವೇ ಪಾಠ ಮಾಡಿ" ಅಂದೆ. "ಬೇಡಮ್ಮ" ಅಂದರು. ನಮ್ಮವರು ಕಾಫಿಗೂ ಮೊದಲ ಸಲಕ್ಕೇ ಹೂಂ ಅನ್ನೋದಿಲ್ಲವಲ್ಲ, ಸಂಕೋಚ ಅಂದುಕೊಂಡು ವಾರವಾರವೂ ಒತ್ತಾಯ ಮಾಡಿದೆ.

ಒಂದು ದಿನ ಬಸ್ ಸ್ಟಾಪಿನಲ್ಲಿ, ಮೊಮ್ಮಗಳಿಗೆ ಕೇಳಿಸದ ಹಾಗೆ ಕೇಳಿದರು: "ಪಾಠ ಮಾಡೋಕೆ ಬೆರಳಚ್ಚು ಕೊಡಬೇಕಾ?"

"ಹೌದು, ಹಳೇ ಪೊಲೀಸ್ ಕೇಸು ಇದೆಯಾ ಅಂತ ನೋಡೋ ಬ್ಯಾಕ್‌ಗ್ರೌಂಡ್ ಚೆಕ್ಕು. ಎಲ್ಲರಿಗೂ ಇದೆ."

"ಹಂಗಾದ್ರೆ ನಾನೇ ಹೇಳ್ಬಿಡ್ತೀನಿ. ಇಲ್ಲಿಗೆ ಬಂದ ಹೊಸದರಲ್ಲಿ ಕುಡಿದು ಕಾರು ಓಡಿಸಿ ಒಬ್ಬರ ಕಾಲು ಮುರಿದೆ. ಫೆಲನಿ ಕೇಸು, ಅಂದ್ರೆ ಇಲ್ಲಿ ದೊಡ್ಡ ಅಪರಾಧ. ಜೈಲು ಮುಗೀತು, ರೆಕಾರ್ಡು ಮುಗೀಲಿಲ್ಲ ಕಣಮ್ಮ. ಕೆಲಸಕ್ಕೋ ಬಾಡಿಗೆ ಮನೆಗೋ ಹೋದ್ರೆ, ನನಗಿಂತ ಮೊದಲು ಅದು ಹೋಗಿ ಕೂತಿರುತ್ತೆ."

ಬಸ್ಸು ಯಾಕೆ ಅಂತ ಆಗ ಅರ್ಥವಾಯಿತು. ಅವರ ಕೈ ಹಿಡಿದುಕೊಂಡೆ.

"ಫೆಲನಿ ಅಂದ ತಕ್ಷಣ ಬೇಡ ಅನ್ನೋದಿಲ್ಲ ಶಿವಣ್ಣೋರೇ. ಏನಾಗಿತ್ತು, ಇಲ್ಲಿ ಮಾಡೋ ಕೆಲಸ ಏನು, ಎರಡನ್ನೂ ನೋಡ್ತೀವಿ" ಅಂದೆ.

ಅವರು ಬೆರಳಚ್ಚು ಕೊಟ್ಟರು, ರಿಪೋರ್ಟು ಬಂತು. ಅವರು ಹೇಳಿದ್ದೇ ಇತ್ತು. ಪಾಠಕ್ಕೆ ನಮ್ಮ ಕ್ಲಾಸಿನ ಕಮಿಟಿ ಒಪ್ಪಿತು. ಮಕ್ಕಳನ್ನು ಕಾರಿನಲ್ಲಿ ಕರೆದೊಯ್ಯೋದು ಮಾತ್ರ ಬೇಡ ಅಂದಿತು. "ಆವತ್ತಿಂದ ಸ್ಟೀರಿಂಗ್ ಮುಟ್ಟಿಲ್ಲ" ಅಂದರು ಶಿವಣ್ಣೋರು.

ಈಗ ಅವರು ಬೇಡ ಅಂದರೆ ನಾನು ಸುಮ್ಮನಾಗುತ್ತೇನೆ. ಯುಗಾದಿ ಊಟಕ್ಕೆ ಒಬ್ಬಟ್ಟು ಬೇಡ ಅಂದರು, ತಟ್ಟೆ ಹಿಡಿದು ಮುಂದಕ್ಕೆ ಹೋದೆ. ಹಿಂದಿನಿಂದ ಕೂಗಿದರು: "ಇದಕ್ಕಾದ್ರೂ ಇನ್ನೊಂದು ಸಲ ಕೇಳಮ್ಮ!"