ತಾನಾಗಿಯೇ ಬಸ್ಸಿಳಿದ ಡ್ರೈವರಕ್ಕ

ಡಿಪೋದಲ್ಲಿ ಎಲ್ಲರ ಬಾಯಲ್ಲೂ ಅವಳು ಡ್ರೈವರಕ್ಕ. ಇಕ್ಕಟ್ಟಿನ ತಿರುವಿನಲ್ಲೂ ಅಷ್ಟುದ್ದದ ಬಸ್ಸನ್ನು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಹೊರಗೆ ತರುವ ಕೈ ಅವಳದು.

ಒಂದು ದಿನ ಪಾಳಿ ಮುಗಿಸಿ ಮುಖ ತೊಳೆಯಲು ಹೋದವಳಿಗೆ ಕಣ್ಣು ಕತ್ತಲೆ ಬಂತು. ಎಚ್ಚರವಾದಾಗ ನೆಲದ ಮೇಲಿದ್ದಳು. ಯಾರೂ ನೋಡಿರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವಳು ನೆಟ್ಟಗೆ ಮ್ಯಾನೇಜರ ಕೋಣೆಗೆ ನಡೆದಳು.

"ಸಾರ್, ಎಚ್ಚರ ತಪ್ಪಿ ಬಿದ್ದಿದ್ದೆ. ಯಾಕೆ ಅಂತ ಗೊತ್ತಾಗೋವರೆಗೂ ನಾನು ಸ್ಟೇರಿಂಗ್ ಮುಟ್ಟಲ್ಲ."

ಅವಳನ್ನು ಪ್ರಯಾಣಿಕರಿಗೆ ಮಾಹಿತಿ ಕೊಡುವ ವಿಚಾರಣೆ ಕಿಟಕಿಯಲ್ಲಿ ಕೂರಿಸಿದರು. ಆಸ್ಪತ್ರೆಯಲ್ಲಿ ಇಸಿಜಿ, ಸ್ಕ್ಯಾನು ಎಲ್ಲ ಸರಿಯಾಗೇ ಬಂದವು. ಬೆನ್ನ ಹಿಂದೆ ಗುಸುಗುಸು ಶುರುವಾಯಿತು: "ಕೂತು ತಿನ್ನೋಕೆ ಒಳ್ಳೇ ನಾಟಕ!" ಕಿವಿಗೆ ಬಿದ್ದಾಗ ಮೈಯೆಲ್ಲ ಉರಿದರೂ ಕಿಟಕಿಗೆ ಬಂದವರಿಗೆ ಬಸ್ಸಿನ ಸಮಯ ಹೇಳುತ್ತ ಕೂತಳು.

ಹೃದಯದ ಡಾಕ್ಟರಮ್ಮ ಮಾತ್ರ ಬಿಡಲಿಲ್ಲ. "ನಾವು ನೋಡೋವಾಗ ನಿಮ್ಮ ಹೃದಯ ಮಹಾ ಸಾಧು. ನೋಡದೇ ಇರೋವಾಗ ಏನು ಮಾಡುತ್ತೋ! ಒಳಗೇ ಒಂದು ಕಾವಲು ಇಡೋಣ." ಎದೆಯ ಎಡಗಡೆ ಮರಗಟ್ಟಿಸಿ, ಚರ್ಮದ ಕೆಳಗೆ ಕಿರುಬೆರಳಿಗಿಂತ ಚಿಕ್ಕದೊಂದು ಯಂತ್ರ ಸೇರಿಸಿದರು. ಬಡಿತದಲ್ಲಿ ಏರುಪೇರಾದರೆ ಅದು ಗೆರೆಯಾಗಿ ಹಿಡಿದಿಟ್ಟುಕೊಳ್ಳುತ್ತಿತ್ತು.

ದರ್ಜಿ ಗಂಡ ಗಾಯದ ಗುರುತು ನೋಡಿ, "ಇಷ್ಟು ನೀಟಾದ ಹೊಲಿಗೆ ನಾನೂ ಹಾಕಲ್ಲ ಕಣೇ" ಎಂದು ನಗಿಸಿದ.

ಕೆಲವು ತಿಂಗಳಾದ ಮೇಲೆ, ಒಂದು ಮಧ್ಯಾಹ್ನ ಯಾರಿಗೋ ದಾರಿ ಹೇಳುತ್ತಿದ್ದವಳು ಹಾಗೇ ಮೇಜಿನ ಮೇಲೆ ಕುಸಿದಳು. ಆಸ್ಪತ್ರೆಗೆ ಕರೆದೊಯ್ದರು; ಗಂಡನೂ ಓಡಿಬಂದ. ಯಂತ್ರ ಹಿಡಿದಿಟ್ಟಿದ್ದನ್ನು ಡಾಕ್ಟರಮ್ಮ ಪರದೆಯ ಮೇಲೆ ತೋರಿಸಿದರು.

"ಇಲ್ಲಿ ನೋಡಿ, ಗೆರೆ ಸಪಾಟು. ಅಷ್ಟು ಹೊತ್ತು ಹೃದಯ ಬಡಿದೇ ಇಲ್ಲ. ಪೇಸ್‌ಮೇಕರ್ ಹಾಕೋಣ, ಸರಿಹೋಗುತ್ತೆ. ಆವತ್ತು ನೀವಾಗೇ ಬಸ್ಸಿಳಿದಿರಲ್ಲ, ಎಷ್ಟು ಜನರ ಜೀವ ಉಳಿಸಿದಿರೋ!"

ಹೆದರಬೇಕಾದವಳು ಎದೆ ಮೇಲಿನ ಕಲ್ಲು ಇಳಿದ ಹಾಗಾಗಿ ಅತ್ತುಬಿಟ್ಟಳು. "ನಾನು ನಾಟಕ ಆಡಿರಲಿಲ್ಲ ರೀ."

"ನನಗೆ ಗೊತ್ತಿಲ್ವೇನೇ?" ಎಂದ ಗಂಡ.

ಪೇಸ್‌ಮೇಕರ್ ಹಾಕಿಸಿಕೊಂಡು, ಡಾಕ್ಟರಮ್ಮ ಒಪ್ಪಿಗೆ ಕೊಟ್ಟ ಮೇಲೆ ಡ್ರೈವರಕ್ಕ ಮತ್ತೆ ಬಸ್ಸು ಹತ್ತಿದಳು. ಗುಸುಗುಸು ಎಂದಿದ್ದವರೇ ಬಂದು, "ತಪ್ಪಾಯ್ತು ಅಕ್ಕಾ" ಎಂದರು. ತಲೆ ಎತ್ತಿಕೊಂಡೇ, "ಆಯ್ತು ಬಿಡ್ರಪ್ಪಾ" ಎಂದಳು.

ಆವತ್ತು ಗಂಡ ಅಂಗಡಿ ಮುಚ್ಚಿ ಬಂದು ಮುಂದಿನ ಸೀಟಿನಲ್ಲೇ ಕೂತಿದ್ದ. ಎಲ್ಲಿಗೆ ಎಂದು ಕಂಡಕ್ಟರ್ ಕೇಳಿದರೆ, "ಕೊನೇ ಸ್ಟಾಪಿಗೆ. ಅಲ್ಲಿಂದ ವಾಪಸ್ಸು" ಎಂದ. ಆಮೇಲೆ ಪಕ್ಕದಲ್ಲಿ ಕೂತ ಅಪರಿಚಿತನತ್ತ ವಾಲಿ, ಇಡೀ ಬಸ್ಸಿಗೆ ಕೇಳುವಂತೆ ಹೇಳಿದ: "ಓಡಿಸ್ತಿರೋದು ನನ್ನ ಹೆಂಡತಿ!"