ಚಿತ್ರದಿಂದ ಅಳಿಸಿದ ಮಗು

ತೆರಕಣಾಂಬಿಯ ಬಸ್ ನಿಲ್ದಾಣದ ಎದುರು ಕನಕರಾಜು ಅವರ ಸ್ಟುಡಿಯೋ ಇದೆ. ಮದುವೆ, ನಾಮಕರಣ, ಪಾಸ್‌ಪೋರ್ಟ್ ಸೈಜಿನ ಫೋಟೊ ಅವರ ನಿತ್ಯದ ಕೆಲಸ. ಸತ್ತ ಮೇಲೆ ತೆಗೆದ ಫೋಟೊ ತಂದುಕೊಟ್ಟರೆ ಕಂಪ್ಯೂಟರಿನಲ್ಲಿ ಕಣ್ಣು ತೆರೆಸಿಯೂ ಕೊಡುತ್ತಾರೆ. ಆಷಾಢದಲ್ಲಿ ಮಾತ್ರ ಅಂಗಡಿಗೆ ಬೀಗ ಹಾಕಿ ಭೀಮನಬೀಡಿನ ಕಡೆಯ ಸೂರ್ಯಕಾಂತಿ ಹೊಲಗಳಿಗೆ ಹೋಗುತ್ತಾರೆ. ಕೇರಳದ ಜೋಡಿಗಳು ಕಾರು ನಿಲ್ಲಿಸಿ ಹೂವಿನ ನಡುವೆ ನಿಲ್ಲುವ ಕಾಲ ಅದು.

ಅಲ್ಲಿನ ಕಷ್ಟ ಬೆಳಕಿನದು. ಆಕಾಶ ಸರಿ ಬಂದರೆ ಮುಖ ಕಪ್ಪು, ಮುಖ ಸರಿ ಬಂದರೆ ಆಕಾಶ ಬರೀ ಬಿಳಿ. ಅದಕ್ಕೆ ಕನಕರಾಜು ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲಿಟ್ಟು ಒಂದೇ ನೋಟವನ್ನು ಬೆನ್ನುಬೆನ್ನಿಗೆ ಮೂರು ಸಲ ತೆಗೆಯುತ್ತಾರೆ: ಮೊದಲು ಕತ್ತಲೆಯದು, ಆಮೇಲೆ ಹದವಾದದ್ದು, ಕೊನೆಗೆ ಬೆಳಕು ಹೆಚ್ಚಾದದ್ದು. ಕಂಪ್ಯೂಟರಿನಲ್ಲಿ ಮೂರನ್ನೂ ಬೆಸೆದರೆ ಆಕಾಶವೂ ಮುಖವೂ ಉಳಿಯುತ್ತವೆ. ಆದರೆ ಯಾರೂ ಅಲುಗಬಾರದು. ಅಲುಗಿದರೆ ಒಬ್ಬರಿಗೆ ಎರಡು ತಲೆ, ಮೂರು ಕೈ. ‘ಅನಂಗಲ್ಲೆ’, ಅಂದರೆ ಅಲುಗಬೇಡಿ, ಎಂದು ಮಲಯಾಳಂನಲ್ಲಿ ಕೂಗುವುದನ್ನು ಅವರು ಕಲಿತದ್ದು ಇದಕ್ಕೇ. ಅಷ್ಟಾಗಿಯೂ ಏನಾದರೂ ಅಲುಗಿದ್ದರೆ ಅದನ್ನು ಅಳಿಸುವ ಬಟನ್ ಸಾಫ್ಟ್‌ವೇರಿನಲ್ಲಿದೆ.

ಹೋದ ಆಷಾಢದಲ್ಲಿ ಒಂದು ಜೋಡಿಯ ಫೋಟೊ ತೆಗೆಯುವಾಗ ಮೂರು ವರ್ಷದ ಹುಡುಗಿಯೊಂದು ಅಡ್ಡ ಬಂತು. ಅದೇ ಹೊಲದ ಬದುವಿನ ಮೇಲೆ ಕಳೆ ಕೀಳುತ್ತಿದ್ದ ಕುಮಾರಿ ಅವರ ಮಗಳು, ಶಿವರಂಜಿನಿ. “ಮಗೀನ ಅತ್ಲಾಗ್ ಕರ್ಕೊಮ್ಮಿ!” ಎಂದು ಕನಕರಾಜು ಗದರಿದರು. ಮಗು ಪೂರ್ತಿ ಆಚೆ ಹೋಗುವ ಮುಂಚೆಯೇ ಕ್ಲಿಕ್ಕಿಸಿದರು. ಸಂಜೆ ಸ್ಟುಡಿಯೋದಲ್ಲಿ ಬಟನ್ ಒತ್ತಿದರು. ಮಗು ಇದ್ದ ಜಾಗದಲ್ಲಿ ಹೂವು ಬಂತು.

ದೀಪಾವಳಿಗೆ ಮುಂಚೆ ಆ ಮಗು ಪಕ್ಕದ ಹೊಲದ ಕೃಷಿ ಹೊಂಡಕ್ಕೆ ಜಾರಿತು. ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ಕಿನ ಮೇಲೆ ದೊಡ್ಡವರ ಕಾಲೂ ನಿಲ್ಲುವುದಿಲ್ಲ. ದಡದ ಮೇಲೆ ಮಲಗಿಸಿದಾಗ ಪೊಲೀಸರು ಒಂದು ಫೋಟೊ ತೆಗೆದುಕೊಂಡರು. ಶಿವರಂಜಿನಿಯದು ಅಂತ ಇದ್ದದ್ದು ಅದೊಂದೇ.

ಬೇರೆ ಫೋಟೊ ಇಲ್ಲದ್ದಕ್ಕೆ ಕಾರಣ ಅಜ್ಜಿ ಚಿಕ್ಕನಿಂಗಮ್ಮ. ಕುಮಾರಿ ಅವರ ಮೊದಲ ಎರಡು ಕೂಸುಗಳು ಉಳಿದಿರಲಿಲ್ಲ. ಈ ಮಗುವಿನ ಮುಡಿಯನ್ನು ಬೆಟ್ಟದ ಮಾದಪ್ಪನಿಗೆ ಕೊಡುವ ಹರಕೆಯಿತ್ತು. ಅಲ್ಲಿಯವರೆಗೆ ಫೋಟೊ ತೆಗೆದರೆ ದೃಷ್ಟಿಯಾಗುತ್ತದೆಂದು ಯಾರಾದರೂ ಮೊಬೈಲ್ ಎತ್ತಿದರೆ ಅಜ್ಜಿ ಮಗುವಿಗೆ ಸೆರಗು ಮುಚ್ಚುತ್ತಿದ್ದರು. ಬೆಟ್ಟದ ಪ್ರಯಾಣ ಒಂದಲ್ಲ ಒಂದು ಕೆಲಸಕ್ಕೆ ಮುಂದೆ ಹೋಗುತ್ತಲೇ ಇತ್ತು.

ತಿಥಿ ಮುಗಿದ ಮೇಲೆ ಕುಮಾರಿ ಸ್ಟುಡಿಯೋಗೆ ಬಂದರು.

“ಅಣ್ಣ, ಆವತ್ತು ಊವಿನ್ ಒಲದಲ್ಲಿ ನಮ್ ರಂಜಿ ಅಡ್ಡ ಬಂದಿತ್ತಲ್ಲ.”

“ಅದ್ನ ಅಳಿಸ್ಬುಟ್ಟೆ ಕಣಮ್ಮಿ.”

“ಮೂರ್ ಸಲ ತೆಗೀತೀಯಲ್ಲ. ಮೂರ್ರಲ್ಲೂ ಅಳಿಸ್ದಾ?”

ಕನಕರಾಜು ಕಂಪ್ಯೂಟರ್ ಹಾಕಿದರು. ಬೆಸೆಯುವ ಮೊದಲಿನ ಚಿತ್ರಗಳನ್ನು ಅವರು ಸಾಮಾನ್ಯವಾಗಿ ಉಳಿಸುವುದಿಲ್ಲ. ಈ ಸಲ ಅಳಿಸಲು ಮರೆತಿದ್ದರು.

ಬೆಳಕು ಹೆಚ್ಚಾದ ಚಿತ್ರದಲ್ಲಿ ಜೋಡಿ ಮಾತ್ರ ಇತ್ತು. ಹದವಾದದ್ದರಲ್ಲಿ, ಎಡ ಅಂಚಿನಲ್ಲಿ, ಗಾಳಿಗೆ ಎಸೆದ ಹಳದಿ ಬಟ್ಟೆಯಂಥದ್ದೊಂದು. ಕತ್ತಲೆಯ ಚಿತ್ರ ಎಲ್ಲಕ್ಕಿಂತ ಬೇಗ ಮುಗಿಯುವಂಥದ್ದು, ಓಡುವ ಮಗು ಅದರಲ್ಲಿ ಮಾತ್ರ ಸ್ಪಷ್ಟವಾಗಿ ನಿಂತಿತ್ತು. ಆದರೆ ಕಪ್ಪಗೆ.

“ಮೊಖ ಎಲ್ಲಿ?”

“ತಡಿಯಮ್ಮಿ, ಬೆಳಕು ತುಂಬ್ತೀನಿ.”

ಸ್ವಲ್ಪ ಸ್ವಲ್ಪವಾಗಿ ಬೆಳಕು ಏರಿಸಿದರು. ಮೊದಲು ಹೂವು ಬಂತು, ಆಮೇಲೆ ಹಳದಿ ಫ್ರಾಕು, ಕೆಂಪು ಟೇಪು ಕಟ್ಟಿದ ಜಡೆ, ಒಂದು ಕಿವಿ, ಕೆನ್ನೆಯ ಅಂಚು. ಅಲ್ಲಿಗೆ ಮುಗಿಯಿತು. ಮಗು ಎಡಕ್ಕೆ, ಚಿತ್ರದ ಆಚೆಗೆ ಕತ್ತು ತಿರುಗಿಸಿತ್ತು.

ಕುಮಾರಿ ಪರದೆಯ ಎಡ ಅಂಚಿಗೆ ಬೆರಳಿಟ್ಟರು. “ನಾನೇ ಕೂಗ್ದೆ,” ಎಂದರು. “ನೀ ಬೈದೆ ಅಂತ ‘ಬಾ ಕೂಸೆ’ ಅಂತ ಬದಿನ್ ಮೇಲಿಂದ ಕೂಗ್ದೆ. ಅದ್ಕೇ ತಿರುಗವ್ಳೆ.”

ಮಾರನೆಯ ದಿನ ಚಿಕ್ಕನಿಂಗಮ್ಮ ಸೊಸೆಯ ಜೊತೆ ಬಂದರು. “ಏನ್ಲಾ ಕನಕ, ಜಡೆಗೆ ಪೂಜೆ ಮಾಡಾಕಾಯ್ತದಾ? ಬ್ಯಾರೆ ಮಗೀನ್ ಮೊಖ ಕೂಡ್ಸು. ಸತ್ತೋರ್ ಕಣ್ಣೇ ಬುಡುಸ್ತೀಯ, ಇದೇನ್ ದೊಡ್ಡದಾ ನಿಂಗೆ?”

ದೊಡ್ಡದಲ್ಲ. ಆ ವಯಸ್ಸಿನ ಮುಖಗಳು ಕಂಪ್ಯೂಟರಿನಲ್ಲಿ ಬೇಕಾದಷ್ಟಿದ್ದವು. ಕನಕರಾಜು ಕುಮಾರಿ ಕಡೆ ನೋಡಿದರು.

“ಬ್ಯಾಡ ಅತ್ತೆ. ಯಾರ್ ಮಗೀನ್ ಮೊಖಾನೋ ನೋಡ್ಕಂಡ್ ನಾನ್ಯಾಕ್ ಅಳ್ಲಿ?” ಎಂದರು ಕುಮಾರಿ. “ಮೊಖ ಇರಾದು ಪೊಲೀಸ್ನೋರ್ ತಾವ್ ಅದೆ. ಅದು ನಂಗ್ ಬ್ಯಾಡ. ಇದ್ನೇ ಕೊಡಣ್ಣ.”

ಜೋಡಿಯನ್ನು ಕತ್ತರಿಸಿ ತೆಗೆದು, ಮಗುವನ್ನಷ್ಟೇ ದೊಡ್ಡದು ಮಾಡಿ, ಕಟ್ಟು ಹಾಕಿಸಿ ಕೊಟ್ಟರು. ಬಲವಂತದಿಂದ ಮೇಲೆತ್ತಿದ ಬೆಳಕು, ಹತ್ತಿರದಿಂದ ನೋಡಿದರೆ ಮರಳು ಎರಚಿದಂತಿದೆ. ಈಗ ಅದು ಮನೆಯ ಗೋಡೆಯ ಮೇಲಿದೆ. ಮಾದಪ್ಪನಿಗೆ ಸಲ್ಲಬೇಕಿದ್ದ ಕೂದಲೇ ಎಲ್ಲಕ್ಕಿಂತ ಚೆನ್ನಾಗಿ ಕಾಣುತ್ತದೆ. ಚಿಕ್ಕನಿಂಗಮ್ಮ ಆ ಗೋಡೆಗೆ ಬೆನ್ನು ಹಾಕಿಯೇ ಊಟಕ್ಕೆ ಕೂರುತ್ತಾರೆ.

ಸೋಮವಾರ ಕುಮಾರಿ ಹೂವು ಇಡುತ್ತಾರೆ. ಕುಂಕುಮ ಇಡಲು ಹಣೆಯಿಲ್ಲ. ಅದನ್ನು ಕಟ್ಟಿನ ಎಡ ಅಂಚಿಗೆ, ಆವತ್ತು ತಾವು ನಿಂತು ಕೂಗಿದ ಕಡೆಗೆ ಹಚ್ಚುತ್ತಾರೆ.