ಮಚ್ಚೇಂದ್ರ ಕತ್ತರಿಸಿದ ಹಸಿರು ವೈರು

ಬೆಳಿಗ್ಗೆ ಆರಕ್ಕೇ ಮೋರಖಂಡಿಯಲ್ಲಿ ಹಿಟ್ಟಿನ ಗಿರಣಿಯ ಬೆಲ್ಟು ಪಟಪಟ ಸದ್ದು ಮಾಡತೊಡಗುತ್ತದೆ. ಗಿರಣಿಯ ಪಕ್ಕದ ಮನೆ ಮಚ್ಚೇಂದ್ರನದು. ವಯಸ್ಸು ಐವತ್ತರ ಹತ್ತಿರ. ಊರಲ್ಲಿ ಯಾರ ಮನೆಯ ಬಲ್ಬು ಆರಿದರೂ ಅವನನ್ನೇ ಕರೆಯುತ್ತಾರೆ. ಹೋದವನು ಮೊದಲು ನೋಡುವುದು ಬಲ್ಬನ್ನಲ್ಲ, ಮನೆಯಲ್ಲಿರುವ ಪ್ಲಗ್ಗುಗಳ ಮೂರನೆಯ ಕಾಲನ್ನು. ಅದನ್ನು ಮುರಿದಿದ್ದರೆ ಬೈಯುತ್ತಾನೆ.

"ಗ್ವಾಡಿಯಾಗ ಎರಡೇ ತೂತು ಅವ ರೀ, ಮುರೀದೇ ಏನ್ ಮಾಡಬೇಕು?" ಎಂದು ಹೆಂಗಸರು ನಗುತ್ತಾರೆ. ಅವನು ನಗುವುದಿಲ್ಲ. ಆ ಕಾಲು ಮುರಿಯುವುದನ್ನು ಅವನೂ ಕಲಿತದ್ದು ಇದೇ ಊರಲ್ಲಿ.

ಮುಂಬೈಯಲ್ಲಿ, ಸಿರಿವಂತರ ಹಾಯಿದೋಣಿಗಳನ್ನು ರಿಪೇರಿ ಮಾಡುವ ಜಾಗದಲ್ಲಿ ಅವನು ಹನ್ನೊಂದು ವರ್ಷ ವೈರಿಂಗ್ ಮಾಡಿದ. ಹುಮನಾಬಾದಿನ ಅಜೀಮ್ ಅಲ್ಲೇ ಹಾಯಿ ಹೊಲಿಯುತ್ತಿದ್ದ. ಇಬ್ಬರದೂ ಒಂದೇ ಖೋಲಿ, ಒಂದೇ ಸ್ಟೋವು.

ದಂಡೆಗೆ ಬಂದು ನಿಂತ ದೋಣಿಗೆ ಕಟ್ಟೆಯಿಂದ ಕರೆಂಟು ಕೊಡುತ್ತಾರೆ. ಕೇಬಲ್ಲಿನಲ್ಲಿರುವ ಹಸಿರು ವೈರು, ಅಂದರೆ ಪ್ಲಗ್ಗಿನ ಮೂರನೆಯ ಕಾಲಿಗೆ ಸೇರುವ ಅರ್ಥಿಂಗ್, ಸಾಲಿನಲ್ಲಿ ನಿಂತ ದೋಣಿಗಳ ಲೋಹವನ್ನೆಲ್ಲ ಒಂದಕ್ಕೊಂದು ಜೋಡಿಸುತ್ತದೆ. ಕೆಳಗೆ ಉಪ್ಪುನೀರು. ಒಂದು ದೋಣಿಯ ಲೋಹ ಇನ್ನೊಂದರದನ್ನು ಸದ್ದಿಲ್ಲದೆ ತಿನ್ನುತ್ತದೆ. ಅದಕ್ಕೆ ಆ ವೈರಿನ ನಡುವೆ ಒಂದು ಡಬ್ಬಿ ಕೂಡಿಸಬೇಕು. ಲೋಹ ತಿನ್ನುವ ಸಣ್ಣ ಕರೆಂಟನ್ನು ಅದು ತಡೆಯುತ್ತದೆ, ಜೀವ ತೆಗೆಯುವ ದೊಡ್ಡ ಕರೆಂಟನ್ನು ನೆಲಕ್ಕೆ ಬಿಡುತ್ತದೆ.

ಒಂದು ಬಿಳಿ ದೋಣಿಯ ತಳದಲ್ಲಿ ನೀರು ತಳ್ಳುವ ಫಂಕದ ದಂಡಿಗೆ ಹುಳ ಹಿಡಿದಂತೆ ತೂತು ಬಿದ್ದಿತ್ತು. ತರಿಸಲು ಹೇಳಿದ ಡಬ್ಬಿ ತಿಂಗಳಾದರೂ ಬರಲಿಲ್ಲ. ದೋಣಿಯ ಮಾಲಕ ದಿನವೂ ಕೂಗಾಡುತ್ತಿದ್ದ. ನಮ್ಮೂರ ಮನೆಗಳಲ್ಲಿ ಈ ವೈರೇ ಇಲ್ಲ, ಯಾರಿಗೇನಾಗಿದೆ ಎಂದುಕೊಂಡ ಮಚ್ಚೇಂದ್ರ ಅದನ್ನು ಕತ್ತರಿಸಿ ಟೇಪು ಸುತ್ತಿದ. ಲೋಹ ಸವೆಯುವುದು ನಿಂತಿತು. ಮಾಲಕ ಬೆನ್ನು ತಟ್ಟಿದ.

ಮೂರು ವಾರದ ಮೇಲೆ ಆ ದೋಣಿಯ ನೀರು ಕಾಯಿಸುವ ಗೀಸರು ಕೆಟ್ಟು, ಕರೆಂಟು ನೆಲಕ್ಕೆ ಹೋಗುವ ದಾರಿಯಿಲ್ಲದೆ ದೋಣಿಯ ಅಂಚಿನ ಲೋಹದ ಕಟಾಂಜನಕ್ಕೆ ಬಂತು. ಒದ್ದೆ ಕಟ್ಟೆಯ ಮೇಲೆ ಬರಿಗಾಲಲ್ಲಿ ನಿಂತಿದ್ದ ಅಜೀಮ್ ಒದ್ದೆ ಕೈಯಿಂದ ಅದನ್ನು ಹಿಡಿದ. ಬದುಕಿದ. ಬಲಗೈಯ ಬೆರಳುಗಳು ಮಾತ್ರ ಮತ್ತೆ ಮಡಚಲಿಲ್ಲ. ಅವನನ್ನು ಆಸ್ಪತ್ರೆಗೆ ಒಯ್ದ ಮೇಲೆ ಮಚ್ಚೇಂದ್ರ ವೈರು ಕೂಡಿಸಿಬಿಟ್ಟ. ಮರುದಿನ ತನಿಖೆಗೆ ಬಂದ ಸಾಹೇಬರಿಗೆ ವೈರೆಲ್ಲ ಸರಿಯಾಗಿಯೇ ಕಂಡಿತು. ಗೀಸರು ಕೆಟ್ಟರೂ ಒದ್ದೆ ಕೈಯಿಂದ ಮುಟ್ಟಬಾರದಿತ್ತು ಎಂದು ಹೇಳಿ ಹೋದರು. ಅಜೀಮನೂ ಅದನ್ನೇ ನಂಬಿದ.

ಏಳು ವರ್ಷವಾಯಿತು. ಇಬ್ಬರೂ ಊರಿಗೆ ಮರಳಿದ್ದಾರೆ. ಈ ಬೇಸಿಗೆಯಲ್ಲಿ ಅಜೀಮ್ ಹುಮನಾಬಾದಿನಲ್ಲಿ ಎರಡು ಖೋಲಿ ಕಟ್ಟಿಸಿ, "ವೈರಿಂಗ್ ನೀನೇ ಮಾಡಬೇಕು, ಬ್ಯಾರೇದವರ ಮ್ಯಾಲ ನಂಗ ಭರೋಸಾ ಇಲ್ಲ" ಎಂದ. ಮಚ್ಚೇಂದ್ರ ನಾಲ್ಕು ದಿನ ಕೆಲಸ ಮಾಡಿದ. ಕೊನೆಯ ದಿನ ಅರ್ಥಿಂಗ್ ಗುಂಡಿಗೆ ಇದ್ದಿಲು ಹಾಕಿ, ಉಪ್ಪು ಸುರಿಯತೊಡಗಿದ.

"ಏ, ಉಪ್ಪಿನಕಾಯಿ ಹಾಕಾಕತ್ತೀ ಏನೋ?" ಎಂದು ಅಜೀಮ್ ಎಡಗೈಯಲ್ಲಿ ನೀರಿನ ಕೊಡ ಹಿಡಿದು ನಕ್ಕ. "ಇಷ್ಟೆಲ್ಲ ಯಾಕ? ನಾ ಈಗ ಒದ್ದಿ ಕೈಲೆ ಏನೂ ಮುಟ್ಟಂಗಿಲ್ಲಪಾ. ಆವತ್ತೇ ಶಾಣ್ಯಾ ಆಗೀನಿ."

ಮಚ್ಚೇಂದ್ರ ಗುಂಡಿಯೊಳಗಿನ ತಾಮ್ರದ ಪಟ್ಟಿಗೆ ತಾಮ್ರದ ನಟ್ಟನ್ನೇ ಬಿಗಿದ. ಕರೆಂಟಿನ ವೈರಿಗೂ ಆ ಪಟ್ಟಿಗೂ ನಡುವೆ ಬಲ್ಬು ಹಚ್ಚಿ ನೋಡಿದ; ಉರಿಯಿತು. ಮಣ್ಣು ಮುಚ್ಚಿದ ಮೇಲೆ ಹೇಳಿದ:

"ಆವತ್ತು ತಪ್ಪು ನಿಂದಲ್ಲ ಅಜೀಮ್ ಭಾಯಿ. ಹಸರ ವೈರು ನಾ ಕಡಿದಿದ್ದೆ."

"ಕೂಡೇ ಇತ್ತಲ್ಲ? ಸಾಹೇಬರು ನೋಡಿದ್ರಲ್ಲ?"

"ನಿನ್ನ ಒಯ್ದ ಮ್ಯಾಲ ಕೂಡಿಸಿದೆ."

ಅಜೀಮ್ ಕೊಡವನ್ನು ಕೆಳಗಿಟ್ಟ. "ಅಮ್ಮಿ ಸಾಯೂತನಕ ನಂಗ ಬೈತಿದ್ಳು," ಎಂದ ಮೆಲ್ಲಗೆ. "ನೋಡಿ ಮುಟ್ಟಬೇಕಾಗಿತ್ತ ಅಂತ. ನೀ ಬಾಜೂಕ ಕುಂತು ಚಾ ಕುಡೀತಿದ್ದಿ ಮಚ್ಚೇಂದ್ರ."

"ಡಬ್ಬಿ ಬರಲಿಲ್ಲ ಭಾಯಿ. ಮಾಲಕ ದಿನಾ ಒದರತಿದ್ದ. ನಮ್ಮೂರಾಗ ಯಾರಿಗೂ ಏನೂ..."

ಅಜೀಮ್ ಕೇಳುತ್ತಿರಲಿಲ್ಲ. ಮಡಚದ ಬೆರಳುಗಳನ್ನು ಎಡಗೈಯಿಂದ ಒಂದೊಂದಾಗಿ ಒತ್ತಿಕೊಳ್ಳುತ್ತಿದ್ದ. ಮಚ್ಚೇಂದ್ರ ಸಾಮಾನಿನ ಚೀಲವನ್ನು ಹೆಗಲಿಗೆ ಹಾಕಿಕೊಂಡ. "ಆವತ್ತೇ ದವಾಖಾನಿಗೆ ಬಂದು ನಿಂಗ ಹೇಳಬೇಕಂತ ನಾ..." ಎನ್ನುತ್ತಲೇ ರಸ್ತೆಯ ಕಡೆ ನಡೆದುಬಿಟ್ಟ.